ಎಂಜಲು ದಾರ

ನನ್ನ ಬಾಯಿ ಸೋಕಿದ ದಾರವನ್ನೆಲ್ಲ ಸುಟ್ಟರು. ಸುಟ್ಟರು ಅಂದರೆ ನನ್ನ ಕೈಯಿಂದಲೇ ಸುಡಿಸಿದರು. ಮುಟ್ಟುವುದಕ್ಕೆ ಬೇರೆ ಯಾರೂ ಮುಂದೆ ಬರಲಿಲ್ಲ.

ನಾವು ಹೊಲಿಯುವುದು ಬಿಳಿ ಕೋಟು. ಡಾಕ್ಟರುಗಳು ಹಾಕಿಕೊಳ್ಳುತ್ತಾರಲ್ಲ, ಮೊಣಕಾಲಿನವರೆಗೆ ಬರುವ ಕೋಟು, ಅದೇ. ಮೂರನೆಯ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ. ಎರಡು ಬದಿಗೆ ಮೆಷಿನ್ನುಗಳ ಸಾಲು, ನಡುವೆ ಗುಂಡಿ ಹಚ್ಚುವ ಹೆಂಗಸರ ಚಾಪೆ, ಕೊನೆಯಲ್ಲಿ ಇಸ್ತ್ರಿಯ ಮೇಜು. ಕಿಟಕಿಗಳಿವೆ. ಎಲ್ಲಕ್ಕೂ ಮೊಳೆ ಹೊಡೆದು ಸಂದಿಗೆ ಕಾಗದ ಅಂಟಿಸಿದ್ದಾರೆ. ರಸ್ತೆಯ ಧೂಳು ಬಂದರೆ ಬಿಳಿ ಬಟ್ಟೆ ಕೆಡುತ್ತದೆ. ಫ್ಯಾನು ಹಾಕಿದರೆ ನೂಲಿನ ಚೂರು ಹಾರಿ ಕೋಟಿಗೆ ಅಂಟುತ್ತದೆ. ಆದ್ದರಿಂದ ಫ್ಯಾನೂ ಇಲ್ಲ. ಬೆಳಿಗ್ಗೆ ಒಬ್ಬರು ಬಿಟ್ಟ ಉಸಿರನ್ನು ಸಂಜೆ ಇನ್ನೊಬ್ಬರು ಎಳೆದುಕೊಳ್ಳುವ ಕೋಣೆ ಅದು.

ಗುಂಡಿ ಹಚ್ಚುವ ಹೆಂಗಸರಿಗೆ ವಯಸ್ಸಾಗಿದೆ. ಬಿಳಿ ಬಟ್ಟೆಗೆ ಬಿಳಿ ದಾರದಲ್ಲಿ ಬಿಳಿ ಗುಂಡಿ ಹೊಲಿದು ಹೊಲಿದು ಅವರ ಕಣ್ಣು ಮಂಜಾಗಿದೆ. ಸೂಜಿಯ ಕಣ್ಣು ಅವರಿಗೆ ಕಾಣುವುದಿಲ್ಲ. ಅದಕ್ಕೆ ನಾನಿದ್ದೆ. ದಾರದ ತುದಿಯನ್ನು ಬಾಯಿಗಿಟ್ಟು ಒದ್ದೆ ಮಾಡಬೇಕು, ಹಲ್ಲಿನಿಂದ ಚಪ್ಪಟೆ ಮಾಡಬೇಕು, ಪೋಣಿಸಿ ಗಂಟು ಹಾಕಿ ದಿಂಬಿಗೆ ಚುಚ್ಚಬೇಕು. ಒಬ್ಬಳ ಸೂಜಿ ಖಾಲಿಯಾಗುವುದರೊಳಗೆ ಇನ್ನೊಂದು ಸಿದ್ಧವಿರಬೇಕು. ದಿನವಿಡೀ ಅದೇ. ಕೆಳತುಟಿಯಲ್ಲಿ ದಾರ ಕೊಯ್ದ ಗೀರು. ನಾಲಿಗೆಯ ಮೇಲೆ ನೂಲಿನ ಜುಂಗು. ಊಟ ಮಾಡಿದರೆ ಊಟಕ್ಕೂ ನೂಲಿನ ರುಚಿ.

ಗುಂಡಿ ಹಚ್ಚುವವರಲ್ಲಿ ಎಲ್ಲರಿಗಿಂತ ಹಿರಿಯಳು ಗುಂಡಿಯಮ್ಮ. ಅವಳ ನಿಜವಾದ ಹೆಸರು ಅವಳ ಸೊಸೆಗೂ ಮರೆತುಹೋಗಿದೆ.

"ನಿನ್ನ ಬಾಯಲ್ಲಿ ಅದೇನು ಮಂತ್ರ ಇಟ್ಕೊಂಡಿದ್ದೀಯೇ? ದಾರ ತಾನಾಗೇ ಒಳಗೆ ಹೋಗುತ್ತೆ" ಎನ್ನುತ್ತಿದ್ದಳು. "ನಿನ್ನ ಗಂಡನ್ನೂ ಹೀಗೇ ಪೋಣಿಸಿ ಗಂಟು ಹಾಕಿಟ್ಟಿದ್ದೀಯಾ?"

ಚಾಪೆಯ ಮೇಲಿದ್ದವರೆಲ್ಲ ನಗುತ್ತಿದ್ದರು. ನನ್ನ ಎಂಜಲು ಅವರಿಗೆ ಆಗ ಅಸಹ್ಯವಾಗಿರಲಿಲ್ಲ. ಅದರಿಂದಲೇ ಅವರ ಕೆಲಸ ನಡೆಯುತ್ತಿತ್ತು.

ಆ ಕೋಣೆಯಲ್ಲಿ ಕೆಮ್ಮುವಂತಿಲ್ಲ. ಬಟ್ಟೆಯ ಮೇಲೆ ಉಗುಳಿನ ಹನಿ ಬಿದ್ದರೆ ಕಲೆ. "ಕೆಮ್ಮೋದಿದ್ರೆ ಮನೇಲಿ ಕೆಮ್ಮಿ ಬನ್ನಿ" ಎಂದು ಮಾಸ್ಟರ್ ಹೇಳುತ್ತಿದ್ದ. ಮಾಸ್ಟರ್ ಅಂದರೆ ಕೋಣೆಯ ಯಜಮಾನ. ಕೈಯಲ್ಲಿ ಯಾವಾಗಲೂ ಮರದ ಅಳತೆಕೋಲು. ಆದರೆ ಕೆಮ್ಮು ಯಜಮಾನನ ಮಾತು ಕೇಳುತ್ತದೆಯೇ? ಅದಕ್ಕೆ ನಾವೊಂದು ಉಪಾಯ ಮಾಡಿಕೊಂಡಿದ್ದೆವು. ಯಾರಿಗಾದರೂ ಕೆಮ್ಮು ಬಂತೆಂದರೆ ಪಕ್ಕದ ಮೆಷಿನ್ನಿನವಳು ಬಟ್ಟೆ ಇಲ್ಲದೆಯೇ ಪೆಡಲ್ ಒತ್ತಿಬಿಡುತ್ತಿದ್ದಳು. ಮೆಷಿನ್ನಿನ ಸದ್ದಿನೊಳಗೆ ಕೆಮ್ಮು ಮುಗಿದುಹೋಗುತ್ತಿತ್ತು. ಅದನ್ನು ಉಪಕಾರ ಅಂದುಕೊಂಡಿದ್ದೆವು. ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದೇವೆ ಅಂತ ಗೊತ್ತಿರಲಿಲ್ಲ.

ನನಗಾಗಿ ಬಹಳ ಸಲ ಪೆಡಲ್ ಒತ್ತಿದ್ದರು. ಸಂಜೆಯಾದರೆ ಜ್ವರ. ಮಲಗಿದರೆ ಬೆವರು, ಚಾಪೆ ಒದ್ದೆಯಾಗುವಷ್ಟು. ಅಂಗಿ ಭುಜದಿಂದ ಜಾರುತ್ತಿತ್ತು. ಮೂರು ಮಹಡಿ ಹತ್ತುವುದರೊಳಗೆ ಎರಡು ಕಡೆ ಕೂರುತ್ತಿದ್ದೆ. ಒಂದು ಮಧ್ಯಾಹ್ನ ದಾರ ತುಟಿಗಿಟ್ಟಾಗ ಕೆಮ್ಮು ಬಂತು. ಹಿಡಿದೆ. ನಿಲ್ಲಲಿಲ್ಲ. ಎದುರಿಗಿದ್ದ ಕೋಟಿನ ಜೇಬಿನ ಮೇಲೆ ಕೆಂಪಗೆ ಬಿತ್ತು.

ಮಾಸ್ಟರ್ ಬಂದ. ಅಳತೆಕೋಲಿನ ತುದಿಯಿಂದ ಕೋಟನ್ನು ಎತ್ತಿದ.

"ಏನಿದು?"

"ತುಟಿ ಕೊಯ್ಕೊಂಡಿದೆ ಸಾರ್."

"ತುಟಿ ಕೊಯ್ದರೆ ಇಷ್ಟು ಬರುತ್ತಾ? ಇದು ಅದೇ."

ಅದೇ ಅಂದ. ಹೆಸರು ಹೇಳಲಿಲ್ಲ. ಯಾರೂ ಹೇಳಲಿಲ್ಲ. ಚಾಪೆಯ ಮೇಲಿದ್ದ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಕೈಯಲ್ಲಿದ್ದ ಸೂಜಿಯನ್ನು ನೋಡಿಕೊಂಡರು. ಎಲ್ಲ ಸೂಜಿಯಲ್ಲೂ ನನ್ನ ಎಂಜಲು ದಾರ.

ಒಬ್ಬಳು ಸೂಜಿಯನ್ನು ಎಸೆದೇಬಿಟ್ಟಳು. ಇನ್ನೊಬ್ಬಳು ಬೆರಳನ್ನು ಬಟ್ಟೆಗೆ ಉಜ್ಜಿದಳು, ಚರ್ಮ ಕಿತ್ತುಬರುವಂತೆ. ಗುಂಡಿಯಮ್ಮ ತಲೆಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿ, ಅದರಿಂದ ಸೂಜಿ ಹಿಡಿದು, ನನ್ನ ಮುಂದೆ ಇಟ್ಟಳು. ನನ್ನ ಮುಖ ನೋಡಲಿಲ್ಲ. ಬೇರೆಯವರು ಮಾಡಿದ್ದನ್ನು ಮರೆಯಬಹುದು. ಇದನ್ನು ನುಂಗಿಕೊಳ್ಳಲು ಬಹಳ ಕಾಲ ನನ್ನಿಂದ ಆಗಲೇ ಇಲ್ಲ.

ಸೂಜಿ, ದಾರದ ರೀಲು, ದಿಂಬು, ನಾನು ಕೂರುತ್ತಿದ್ದ ಮಣೆ, ಎಲ್ಲವನ್ನೂ ನಾನೇ ಹೊತ್ತು ಮೂರು ಮಹಡಿ ಇಳಿದೆ. ಕಟ್ಟಡದ ಹಿಂದೆ ರಾಶಿ ಹಾಕಿದೆ. ಬೆಂಕಿಕಡ್ಡಿಯ ಪೆಟ್ಟಿಗೆಯನ್ನು ಮಾಸ್ಟರ್ ದೂರದಿಂದ ಎಸೆದ. ಇಸ್ತ್ರಿಯವನು ಒಂದು ಬಕೆಟ್ ನೀರು ಹಿಡಿದು ಇನ್ನೂ ದೂರದಲ್ಲಿ ನಿಂತಿದ್ದ. ಅವನು ಆಳೆತ್ತರದ ಗಟ್ಟಿ ಮನುಷ್ಯ, ಕೋಣೆಯ ಬಾಯಿಬಡುಕ.

"ಹುಷಾರು ಮಾಸ್ಟರ್, ಗಾಳಿ ಈ ಕಡೆ ಬೀಸ್ತಿದೆ" ಎಂದು ನಗಾಡಿದ. "ಅವಳ ಹೊಗೆ ಕುಡಿದ್ರೂ ನಾಳೆ ನಮಗೆ ಚಟ್ಟ ಕಟ್ಟಬೇಕಾಗುತ್ತೆ."

ಕಡ್ಡಿ ಗೀರಲು ಬಗ್ಗಿದಾಗ ಮತ್ತೆ ಕೆಮ್ಮು. ಇಬ್ಬರೂ ಓಡಿದರು. ಗಂಡಸರು ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ. ನಗು ಬರಬೇಕಿತ್ತು. ಬಂದದ್ದು ಅಳು, ಅದೂ ಬಿಕ್ಕಿ ಬಿಕ್ಕಿ.

ಒಂದು ಮಾತು ಹೇಳಲೇಬೇಕು. ನಾನು ಪೋಣಿಸಿದ ದಾರದಿಂದಲೇ ಗುಂಡಿ ಹಚ್ಚಿದ್ದ ಕೋಟುಗಳನ್ನು ಯಾರೂ ಸುಡಲಿಲ್ಲ. ಅವುಗಳನ್ನು ಮಡಚಿ, ಕಟ್ಟಿ, ಸಂಜೆಯೇ ಆಸ್ಪತ್ರೆಗೆ ಕಳಿಸಿದರು. ನನ್ನ ಎಂಜಲು ಮಣೆಯಲ್ಲಿತ್ತಂತೆ, ಕೋಟಿನಲ್ಲಿ ಇರಲಿಲ್ಲವಂತೆ. ಕಿಟಕಿಯನ್ನು ಯಾರೂ ಮುಟ್ಟಲಿಲ್ಲ. ಸಂದಿಗೆ ಇನ್ನೊಂದು ಪದರ ಕಾಗದ ಅಂಟಿಸಿದರು, ನನ್ನ ರೋಗ ಬೀದಿಯಿಂದ ಮತ್ತೆ ಹಾರಿ ಬರದಿರಲಿ ಎಂದು.

ಮನೆಯಲ್ಲಿ ಬೇರೆ ಏನಾದೀತು? ನನ್ನ ತಟ್ಟೆ ಬೇರೆಯಾಯಿತು. ಲೋಟ ಬೇರೆಯಾಯಿತು. ಬಚ್ಚಲಿನ ಪಕ್ಕದ ಓಣಿಯಂಥ ಜಾಗದಲ್ಲಿ ಚಾಪೆ ಬಿತ್ತು. ಅಲ್ಲಿ ಕಾಲು ಚಾಚಿದರೆ ತಲೆ ಗೋಡೆಗೆ. ಅತ್ತೆ ಊಟವನ್ನು ನೆಲದ ಮೇಲಿಟ್ಟು ಕೋಲಿನಿಂದ ತಳ್ಳುತ್ತಿದ್ದಳು.

"ನಿನ್ನ ಒಳ್ಳೇದಕ್ಕೇ ಕಣೇ" ಎನ್ನುತ್ತಿದ್ದಳು. ನನ್ನ ಒಳ್ಳೆಯದಕ್ಕೆ ಅಂತ ಹೇಳಿ ಮಾಡಿದ್ದರಲ್ಲಿ ಯಾವುದೂ ನನಗೆ ಒಳ್ಳೆಯದಾಗಿರಲಿಲ್ಲ.

ಮಗಳು ಹೊಸಿಲಿನಾಚೆ ನಿಂತು ನೋಡುತ್ತಿದ್ದಳು. "ಅಮ್ಮನ ಹತ್ರ ಹೋದ್ರೆ ನಿನಗೂ ಬರುತ್ತೆ" ಎಂದು ಹೆದರಿಸಿದ್ದರು. ನಾನು ಕೈ ಚಾಚಿದರೆ ಹಿಂದೆ ಸರಿಯುತ್ತಿದ್ದಳು. ನಾಲ್ಕು ಕ್ಲಾಸು ಓದಿದ ಮಗು. ಮುದ್ದು ಮಾಡುವುದೂ ಬೇಡ, ಹತ್ತಿರ ಬಂದು ನಿಂತರೆ ಸಾಕು ಎನ್ನಿಸುತ್ತಿತ್ತು.

ಗಂಡ ಬೀದಿಯವರಿಗೆಲ್ಲ ಕಾಮಾಲೆ ಎಂದು ಹೇಳಿಟ್ಟಿದ್ದ. ಕಾಮಾಲೆ ಮರ್ಯಾದಸ್ಥರಿಗೆ ಬರುವ ರೋಗವಂತೆ.

ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಆಗಿ ಮಾತ್ರೆ ಶುರುವಾದ ಮೇಲೆ, ಅಲ್ಲಿ ಮಾತ್ರೆ ಕೊಡುವ ನರ್ಸಕ್ಕ ಮನೆಗೆ ಬಂದಳು. ಸಣ್ಣಕ್ಕಿದ್ದಳು, ಬಾಯಿ ಮಾತ್ರ ದೊಡ್ಡದು. ದಾರ ಸುಟ್ಟ ಕಥೆಯನ್ನು ಅವಳಿಗೆ ಮೊದಲೇ ಹೇಳಿದ್ದೆ. ಬಂದವಳೇ ನನ್ನ ಚಾಪೆ ನೋಡಿದಳು. ಮುಚ್ಚಿದ ಕೋಣೆಗಳನ್ನು ನೋಡಿದಳು.

"ತಟ್ಟೆ ಬೇರೆ ಮಾಡಿದ್ದೀರಿ, ಲೋಟ ಬೇರೆ ಮಾಡಿದ್ದೀರಿ. ಕಿಟಕಿ ತೆಗೆದಿದ್ದೀರಾ?"

"ಮೆಲ್ಲಗೆ ಮೇಡಂ, ಪಕ್ಕದ ಮನೆಯವರಿಗೆ ಕೇಳುತ್ತೆ" ಎಂದ ಗಂಡ. ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದ.

"ಕೇಳಲಿ. ಟಿಬಿ ತಟ್ಟೆಯಿಂದ ಬರಲ್ಲ, ಬಟ್ಟೆಯಿಂದ ಬರಲ್ಲ. ಎಂಜಲು ದಾರದಿಂದಂತೂ ಬರಲ್ಲ. ಗಾಳಿಯಿಂದ ಬರುತ್ತೆ. ಮುಚ್ಚಿದ ಕೋಣೇಲಿ ಒಬ್ಬರು ಕೆಮ್ಮಿ, ಆ ಗಾಳೀನ ಇನ್ನೊಬ್ಬರು ದಿನಗಟ್ಟಲೆ ಕುಡಿದ್ರೆ ಬರುತ್ತೆ. ಔಷಧಿ ಶುರುವಾಗಿದೆ. ಕೆಲವು ವಾರ ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡೀಲಿ, ಕಿಟಕಿ ತೆಗೆದಿಡಿ. ಆಮೇಲೆ ಕಫ ಪರೀಕ್ಷೆ ಮಾಡ್ತೀವಿ. ಆರು ತಿಂಗಳು ಒಂದು ಮಾತ್ರೇನೂ ಬಿಡೋ ಹಾಗಿಲ್ಲ. ಮನೆಯವರೆಲ್ಲ ಬಂದು ಪರೀಕ್ಷೆ ಮಾಡಿಸ್ಕೊಳ್ಳಿ. ಮಗು ಮೊದಲು."

"ಅಲ್ಲಿಗೆ ಹೋದ್ರೆ ಜನ ನೋಡ್ತಾರೆ ಮೇಡಂ."

"ನೋಡ್ಲಿ ಬಿಡ್ರಿ. ಜನ ಬಂದು ನಿಮ್ಮ ಮಗೂನ ಸಾಕ್ತಾರಾ?"

ಅವನು ಹೋಗಲಿಲ್ಲ. ಮಗಳನ್ನು ನನ್ನಿಂದ ಮೂರು ಮಾರು ದೂರ ನಿಲ್ಲಿಸುವುದು ಅವನಿಗೆ ಗೊತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಆಗಲಿಲ್ಲ. ನನಗೆ ನಡೆಯಲು ಬಂದ ದಿನ ನಾನೇ ಕರೆದುಕೊಂಡು ಹೋದೆ. ಅವಳಿಗೆ ಏನೂ ಆಗಿರಲಿಲ್ಲ. ಅಷ್ಟು ಹೊತ್ತಿಗೆ ನನ್ನ ಕಫದಲ್ಲೂ ರೋಗ ಕಾಣುತ್ತಿರಲಿಲ್ಲ. "ಇನ್ನು ನಿನ್ನಿಂದ ಯಾರಿಗೂ ಬರಲ್ಲ. ಆದ್ರೆ ಮಾತ್ರೆ ನಿಲ್ಲಿಸಿದ್ರೆ ನಾನೇ ಬಂದು ಕಪಾಳಕ್ಕೆ ಹೊಡೀತೀನಿ" ಎಂದಳು ನರ್ಸಕ್ಕ. ಬರುವ ದಾರಿಯಲ್ಲಿ ಮಗಳು ನನ್ನ ಬೆರಳು ಹಿಡಿದಳು. ಮನೆ ಕಂಡ ಕೂಡಲೇ ಬಿಟ್ಟಳು.

ಮಾತ್ರೆಗಳಿಂದ ಹೊಟ್ಟೆ ತೊಳಸುತ್ತಿತ್ತು. ಉಚ್ಚೆ ಕೆಂಪಗೆ ಹೋಗುತ್ತಿತ್ತು. ಕೀಲುಗಳು ನೋಯುತ್ತಿದ್ದವು. ಎಲ್ಲ ನುಂಗಿದೆ. ಮುಗಿಯಿತು. ಮೈಯಲ್ಲಿ ಮತ್ತೆ ಮಾಂಸ ಬಂತು. ತಟ್ಟೆ ಮಾತ್ರ ಬೇರೆಯಾಗಿಯೇ ಉಳಿಯಿತು.

ಆಗ ಮಾಸ್ಟರ್ ಬಂದ. ಮನೆಯೊಳಗೆ ಬರಲಿಲ್ಲ. ಬೀದಿಯಲ್ಲೇ ನಿಂತು ಗಂಡನನ್ನು ಕರೆದ. ನನ್ನ ಜಾಗಕ್ಕೆ ಬಂದ ಹುಡುಗಿಯರು ಸುದ್ದಿ ಕೇಳಿ ಒಬ್ಬರಾದ ಮೇಲೆ ಒಬ್ಬರು ಓಡಿಹೋಗಿದ್ದರಂತೆ. ಸುದ್ದಿ ಆಸ್ಪತ್ರೆಯವರೆಗೂ ಮುಟ್ಟಿತ್ತಂತೆ. ಕೋಟು ಕೊಳ್ಳುವ ಸಾಹೇಬ ತಾನೇ ಬಂದು ವಿಚಾರಿಸುತ್ತಾನಂತೆ.

"ಅವಳು ಕೆಲಸಕ್ಕೆ ಬರಲಿ. ಸಾಹೇಬ್ರು ಬಂದಾಗ ಎಲ್ಲರೆದುರು ನಿಂತು, ನನಗೆ ಬಂದಿದ್ದು ಕಾಮಾಲೆ ಅಂತ ಒಂದು ಮಾತು ಹೇಳಲಿ. ಅಷ್ಟೇ."

"ನಾವೂ ಅದನ್ನೇ ಹೇಳಿರೋದು ಸಾರ್" ಎಂದ ಗಂಡ. ಅವನ ಮುಖ ಅರಳಿತ್ತು. "ಎರಡೂ ಕಡೆ ಒಂದೇ ಮಾತಾಯ್ತು."

"ಅವರು ಸೇರಿಸ್ಕೊಂಡ್ರೆ ನಾನೂ ಒಳಗೆ ಸೇರಿಸ್ಕೋತೀನಿ" ಎಂದಳು ಅತ್ತೆ.

ನಾನು ಹೂಂ ಅಂದೆ. ಯಾಕೆ ಅನ್ನಬಾರದು? ಕೆಲಸ ಬೇಕಿತ್ತು. ಮಗಳ ಪಕ್ಕದಲ್ಲಿ ಮಲಗಬೇಕಿತ್ತು. ಒಂದು ಸುಳ್ಳಿಗೆ ಇಷ್ಟೆಲ್ಲ ಸಿಗುವುದಾದರೆ ಅದು ಅಗ್ಗವೇ ಅನ್ನಿಸಿತು.

ಕೆಲಸ ಕೊಟ್ಟ, ಕೋಣೆಯಲ್ಲಲ್ಲ. ಹೊರಗೆ ಮೆಟ್ಟಿಲಿನ ಮೇಲೆ. ಖಾಲಿ ಸೂಜಿಗಳು ಡಬ್ಬಿಯಲ್ಲಿ ಬರುತ್ತಿದ್ದವು, ಪೋಣಿಸಿದ ಸೂಜಿಗಳು ಡಬ್ಬಿಯಲ್ಲಿ ಹೋಗುತ್ತಿದ್ದವು. ದಾರವನ್ನು ಬಾಯಿಗಿಡುವಂತಿಲ್ಲ, ಒಂದು ಬಟ್ಟಲಲ್ಲಿ ನೀರು. ಮೆಟ್ಟಿಲ ಮೇಲೆ ಗಾಳಿ ಚೆನ್ನಾಗಿತ್ತು. ಇಡೀ ಕಟ್ಟಡದಲ್ಲಿ ಉಸಿರಾಡಲು ಲಾಯಕ್ಕಾದ ಜಾಗ ಅದೊಂದೇ. ಶಿಕ್ಷೆ ಅಂತ ಅಲ್ಲಿ ಕೂರಿಸಿದ್ದರು.

ಅಲ್ಲಿ ಕೂತಾಗಲೇ ಕೇಳಿಸಿತು. ಒಳಗೆ ಒಂದು ಮೆಷಿನ್ನು ಬಟ್ಟೆ ಇಲ್ಲದೆ ಓಡುತ್ತಿತ್ತು. ಬಟ್ಟೆಯ ಮೇಲೆ ಓಡುವ ಸೂಜಿಗೆ ಒಂದು ಸದ್ದು, ಬರಿದೇ ಓಡುವ ಸೂಜಿಗೆ ಇನ್ನೊಂದು. ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಓಡಿತು. ಮತ್ತೆ.

ಸಂಜೆ ಸೂಜಿಯ ಡಬ್ಬಿ ತಂದವಳು ಗುಂಡಿಯಮ್ಮ. ಕೊರಳ ಮೂಳೆ ಎದ್ದು ನಿಂತಿತ್ತು. ಅಂಗಿ ಸಡಿಲವಾಗಿ ಹೆಗಲ ಹತ್ತಿರ ಪಿನ್ನು ಹಾಕಿಕೊಂಡಿದ್ದಳು. ಡಬ್ಬಿಯನ್ನು ದೂರದಲ್ಲಿಟ್ಟು ಹೋಗುವವಳಿದ್ದಳು.

"ಯಾವಾಗಿಂದ?" ಎಂದೆ.

"ಏನು ಯಾವಾಗಿಂದ?"

"ಕೆಮ್ಮು."

"ಯಾರು ಕೆಮ್ಮಿದ್ದು? ಧೂಳಿಗೆ ಗಂಟಲು ಕೆರೆಯುತ್ತೆ."

"ರಕ್ತ ಬರುತ್ತಾ?"

ಮೆಟ್ಟಿಲಿನ ಕಂಬಿ ಹಿಡಿದುಕೊಂಡು ಮೆಲ್ಲಗೆ ಕೂತಳು. ನನ್ನಿಂದ ಎರಡು ಮೆಟ್ಟಿಲು ಕೆಳಗೆ.

"ಗುಂಡಿಯಮ್ಮ, ನಾಳೆ ನನ್ನ ಜೊತೆ ಬಾ. ಮಾತ್ರೆ ಕೊಡ್ತಾರೆ. ನನ್ನ ನೋಡು, ವಾಸಿ ಆಗಿದ್ದೀನಿ."

"ವಾಸಿ ಆಗಿ ಎಲ್ಲಿ ಕೂತಿದ್ದೀಯ?" ಎಂದಳು. "ನಿನ್ನನ್ನ ಏನು ಮಾಡಿದ್ರು ಅಂತ ನೋಡಿದ್ದೀನಿ. ನಾನೂ ಮಾಡಿದ್ದೀನಿ. ನನ್ನ ಸೊಸೆಗೆ ಗೊತ್ತಾದ್ರೆ ಅವತ್ತೇ ಬೀದಿಗೆ ಹಾಕ್ತಾಳೆ. ನಿನಗೆ ಬಂದಿದ್ದು ಕಾಮಾಲೆ ತಾನೇ? ಸಾಹೇಬ್ರ ಮುಂದೆ ನೀನೇ ಹೇಳ್ತೀಯಂತಲ್ಲ. ನೀನು ಕಾಮಾಲೆ ಅನ್ನು, ನಾನು ಧೂಳು ಅಂತೀನಿ. ಇಬ್ಬರ ಬಾಳೂ ನಡೆಯುತ್ತೆ."

"ನಿನ್ನ ಬಾಳು ನಡೆಯಲ್ಲ. ಸಾಯ್ತೀಯ."

"ಸತ್ರೆ ನಾಲ್ಕು ಜನ ಹೆಗಲು ಕೊಡ್ತಾರೆ ಕಣೇ. ಈ ರೋಗ ಅಂತ ಗೊತ್ತಾದ್ರೆ ಅದಕ್ಕೂ ಯಾರೂ ಬರಲ್ಲ."

ಎದ್ದು ಹೋದಳು. ನನಗೆ ಅವಳ ಮೇಲೆ ಸಿಟ್ಟಿತ್ತು, ಹೊಟ್ಟೆ ಉರಿಯುವಷ್ಟು. ಆದರೆ ಜನರ ಬಗ್ಗೆ ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾನು ಹೇಳಲು ಒಪ್ಪಿಕೊಂಡದ್ದೇ ಸುಳ್ಳು. ಆ ಸುಳ್ಳು ಅಗ್ಗ ಅಂದುಕೊಂಡಿದ್ದೆನಲ್ಲ, ಅದರ ಬೆಲೆ ತೆರುತ್ತಿದ್ದವಳು ಇವಳು.

ಮರುದಿನ ಸಾಹೇಬ ಬಂದ. ಕೈಯಲ್ಲಿ ಮಡಚಿದ ಕರವಸ್ತ್ರ. ಮೆಷಿನ್ನುಗಳನ್ನು ನಿಲ್ಲಿಸಿ ಎಲ್ಲರನ್ನೂ ಎಬ್ಬಿಸಿದರು. ನನ್ನನ್ನು ಒಳಗೆ ಕರೆದರು. ಬಾಗಿಲು ದಾಟಿದ ಕೂಡಲೇ ಆ ಗಾಳಿ ಮುಖಕ್ಕೆ ಹೊಡೆಯಿತು, ಬಿಸಿ, ಹಳಸಲು. ಬಾಗಿಲ ಹತ್ತಿರದಲ್ಲೇ ನಿಲ್ಲಿಸಿದರು.

"ಹೇಳಮ್ಮ" ಎಂದ ಮಾಸ್ಟರ್. ಅಮ್ಮ ಅಂತ ಅವನು ನನ್ನನ್ನು ಕರೆದದ್ದು ಅದೇ ಮೊದಲು. "ನಿನಗೆ ಏನಾಗಿತ್ತು ಅಂತ ಸಾಹೇಬ್ರಿಗೆ ಹೇಳು."

ಬಾಯಿ ತೆರೆದೆ. ಆ ಹೊತ್ತಿಗೆ ಒಂದು ಮೆಷಿನ್ನು ಗಡಗಡ ಓಡತೊಡಗಿತು. ಬಟ್ಟೆ ಇರಲಿಲ್ಲ. ಪೆಡಲ್ ಮೇಲೆ ಕಾಲಿಟ್ಟವಳು ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಪಕ್ಕದಲ್ಲಿ ಗುಂಡಿಯಮ್ಮ ಚಾಪೆಯ ಮೇಲೆ ಕುಸಿದು ಕೂತು, ಎರಡು ಕೈಯಿಂದ ಬಾಯಿ ಒತ್ತಿ ಹಿಡಿದು ಬಗ್ಗಿದ್ದಳು.

"ನಿಲ್ಲಿಸೇ ಅದನ್ನ!" ಎಂದು ಕೂಗಿದ ಮಾಸ್ಟರ್. ಮೆಷಿನ್ನು ನಿಂತಿತು. ಗುಂಡಿಯಮ್ಮನ ಬೆನ್ನು ಸದ್ದಿಲ್ಲದೆ ಅದುರುತ್ತಿತ್ತು.

"ಟಿಬಿ" ಎಂದೆ.

"ಏನು?"

"ನನಗೆ ಬಂದಿದ್ದು ಟಿಬಿ. ಕ್ಷಯ. ಕಾಮಾಲೆ ಅಲ್ಲ. ಈ ಕೋಣೇಲೇ ಬಂತು. ಮಾತ್ರೆ ತಗೊಂಡೆ, ವಾಸಿ ಆಯ್ತು."

ಸಾಹೇಬನ ಕರವಸ್ತ್ರ ಬಿಚ್ಚಿಕೊಂಡು ಮೂಗಿಗೆ ಹೋಯಿತು. ಮಾಸ್ಟರ್ ನಗಲು ನೋಡಿದ. "ಜ್ವರ ಬಂದು ತಲೆ ಕೆಟ್ಟಿದೆ ಸಾರ್ ಇವಳಿಗೆ" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಹೊರಗೆ ಹೋಗೇ."

ನಾನು ಹೋಗಲಿಲ್ಲ.

ಅಳತೆಕೋಲನ್ನು ನನ್ನ ಎದೆಗಿಟ್ಟು ತಳ್ಳಿದ. ಎದೆಗೆ. ಆರು ತಿಂಗಳು ನಾನು ಒಂದೊಂದು ಮಾತ್ರೆ ನುಂಗಿ ಉಳಿಸಿಕೊಂಡ ಎದೆಗೆ. ದನವನ್ನು ಕೊಟ್ಟಿಗೆಯಿಂದ ಓಡಿಸುವವರೂ ಮೈ ಮೇಲೆ ಕೈಯಿಟ್ಟು ಓಡಿಸುತ್ತಾರೆ. ಕೋಲನ್ನು ಹಿಡಿದುಕೊಂಡೆ. ಅವನು ಎಳೆದ, ನಾನು ಬಿಡಲಿಲ್ಲ.

"ಕೈಯಿಂದ ತಳ್ಳಿ ಸಾರ್."

"ಬಿಡೇ!"

"ಹೊರಗೆ ಹಾಕ್ಬೇಕು ತಾನೇ? ಮುಟ್ಟಿ ಹಾಕಿ. ಕೋಲಲ್ಲಿ ತಳ್ಳಿದ್ರೆ ನಾನು ಹೋಗಲ್ಲ."

ಅವನು ಕೋಲು ಬಿಟ್ಟುಬಿಟ್ಟ. ನಾನು ಹಿಡಿದ ಕೋಲು ಅವನಿಗೆ ಆಗಲೇ ಬೇಡವಾಗಿತ್ತು. ನೆಲಕ್ಕೆ ಎಸೆದೆ. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಹಿಂದೆ ಸರಿದ.

"ಲೋ, ಇವಳನ್ನ ಎಳೆದು ಹಾಕೋ" ಎಂದು ಇಸ್ತ್ರಿಯವನಿಗೆ ಹೇಳಿದ. ಇಸ್ತ್ರಿಯವನು ಇಸ್ತ್ರಿಪೆಟ್ಟಿಗೆ ನೋಡುತ್ತ ನಿಂತ. "ನೀವಾದ್ರೂ ಯಾರಾದ್ರೂ ಹಿಡೀರೇ!" ಹೆಂಗಸರು ಗೋಡೆಗೆ ಅಂಟಿದರು.

ಆಗ ನನಗೆ ಗೊತ್ತಾಯಿತು. ನನ್ನನ್ನು ಹೊರಗೆ ಹಾಕುವ ತಾಕತ್ತು ಇವರಲ್ಲಿ ಯಾರಿಗೂ ಇಲ್ಲ. ಹಾಕಬೇಕಾದರೆ ಮುಟ್ಟಬೇಕು. ಇಷ್ಟು ದಿನ ಅವರು ಹೋಗು ಅಂದಾಗ ನಾನೇ ಹೋಗಿದ್ದೆ. ಮಣೆ ಹೊತ್ತು ಹೋಗಿದ್ದೆ, ಬೆಂಕಿ ಹಚ್ಚಿಕೊಟ್ಟಿದ್ದೆ, ಬಚ್ಚಲಿನ ಪಕ್ಕ ಮಲಗಿದ್ದೆ. ನಾನು ಹೋಗದೆ ನಿಂತರೆ ಇವರಿಂದ ಏನೂ ಮಾಡಲಿಕ್ಕೆ ಆಗುತ್ತಿರಲಿಲ್ಲ.

ಕೋಣೆಯ ನಡುವೆ ನಡೆದೆ. ದಾರಿ ಬಿಟ್ಟರು, ಮದುವೆ ಹೆಣ್ಣಿಗೆ ಬಿಡುವ ಹಾಗೆ. ಚಾಪೆಯ ಮೇಲೆ ನಾನು ಮೊದಲು ಕೂರುತ್ತಿದ್ದ ಜಾಗದಲ್ಲಿ ಕೂತೆ, ಗುಂಡಿಯಮ್ಮನ ಪಕ್ಕ. ಅವಳ ಹೊಟ್ಟೆಯಿಂದ ಕೆಮ್ಮು ಮೇಲಕ್ಕೆ ಬರುತ್ತಿತ್ತು. ಕತ್ತಿನ ನರಗಳು ಉಬ್ಬಿದ್ದವು. ಪಕ್ಕದವಳ ಕಾಲು ಮತ್ತೆ ಪೆಡಲಿನ ಮೇಲೆ ಹೋಯಿತು.

"ಕಾಲು ತೆಗಿ" ಎಂದೆ.

ತೆಗೆದಳು.

ಗುಂಡಿಯಮ್ಮ ಕೆಮ್ಮಿದಳು. ತಲೆಯ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು, ಎಷ್ಟು ದಿನದಿಂದ ನುಂಗಿದ್ದಳೋ ಅಷ್ಟನ್ನೂ ಕೆಮ್ಮಿದಳು. ಕೋಣೆಯಲ್ಲಿ ಬೇರೆ ಒಂದು ಸದ್ದೂ ಇರಲಿಲ್ಲ. ನಾನು ಅವಳ ಬೆನ್ನಿನ ಮೇಲೆ ಕೈಯಿಟ್ಟೆ. ಅವಳು ಸರಿಯಲಿಲ್ಲ. ಮುಗಿದ ಮೇಲೆ ಬಟ್ಟೆಯನ್ನು ನೋಡಿಕೊಂಡಳು. ಬಚ್ಚಿಡಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ತೊಡೆಯ ಮೇಲಿಟ್ಟುಕೊಂಡಳು.

ಸಾಹೇಬ ಆಗಲೇ ಮೆಟ್ಟಿಲಿಳಿಯುತ್ತಿದ್ದ. ಮಾಸ್ಟರ್ ಬಾಗಿಲಲ್ಲಿ ನಿಂತು ಒಮ್ಮೆ ಅವನನ್ನು, ಒಮ್ಮೆ ನಮ್ಮನ್ನು ನೋಡಿದ.

"ಇಬ್ಬರೂ ನಾಳೆಯಿಂದ ಬರಬೇಡಿ" ಎಂದ.

"ಅದನ್ನ ಆಮೇಲೆ ಮಾತಾಡೋಣ, ಸುಮ್ನಿರಪ್ಪ" ಎಂದಳು ಗುಂಡಿಯಮ್ಮ. ಅವಳ ದನಿ ಸೀಳಿತ್ತು. ನನ್ನ ಕಡೆ ತಿರುಗಿದಳು. "ಆ ಮಾತ್ರೆ ಕೊಡೋ ಜಾಗ ಎಲ್ಲಿದೆಯೇ? ಎಲ್ಲರಿಗೂ ಕೇಳೋ ಹಾಗೆ ಹೇಳು. ಇಲ್ಲಿ ಇನ್ನೂ ಯಾರ್ಯಾರು ನುಂಗ್ಕೊಂಡು ಕೂತಿದಾರೋ."

ನಾನು ಜೋರಾಗಿ ಹೇಳಿದೆ. ದೊಡ್ಡ ರಸ್ತೆ ದಾಟಬೇಕು, ನೀರಿನ ಟ್ಯಾಂಕಿನ ಹಿಂದೆ ಹೋಗಬೇಕು. ಹಳದಿ ಕಟ್ಟಡ, ಪಕ್ಕದ ಬಾಗಿಲು. ಬೆಳಗಿನ ಹೊತ್ತಿಗೆ ಹೋಗಬೇಕು. ಮಾತ್ರೆಗೆ ದುಡ್ಡು ಕೇಳುವುದಿಲ್ಲ. ಬಾಗಿಲ ಮೇಲೆ ಟಿಬಿ ಅಂತಲೇ ಬರೆದಿದೆ. ಹೆಸರು ಹಿಡಿದು ಕೂಗುತ್ತಾರೆ, ಕೂಗಲಿ.

ಕೆಲವರು ತಲೆ ತಗ್ಗಿಸಿದರು. ಮಾಸ್ಟರ್ ನೆಲದ ಮೇಲೆ ಬಿದ್ದಿದ್ದ ಕೋಲನ್ನು ನೋಡಿದ, ಎತ್ತಿಕೊಳ್ಳಲಿಲ್ಲ. ಗುಂಡಿಯಮ್ಮನಿಗೆ ಕೈ ಕೊಟ್ಟು ಎಬ್ಬಿಸಿದೆ. ಮೈಯಲ್ಲಿ ಭಾರವೇ ಇರಲಿಲ್ಲ. ಬಾಗಿಲವರೆಗೆ ಬಂದಿದ್ದೆವು. ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು.

"ಪಕ್ಕದ ಬಾಗಿಲು ಅಂದ್ಯಲ್ಲ" ಎಂದ ಇಸ್ತ್ರಿಯವನು. ಇಸ್ತ್ರಿಪೆಟ್ಟಿಗೆಯ ಮೇಲಿದ್ದ ಕಣ್ಣನ್ನು ಎತ್ತಲಿಲ್ಲ. "ಎಡಗಡೇದಾ, ಬಲಗಡೇದಾ?"